ಎದೆಮೂಳೆ ಅಗಲಿಸುವ ಬಲ ಅಳೆಯಲು ಹೋಗಿ ಸಿಕ್ಕಿಹಾಕಿಕೊಂಡಿದ್ದೇನೆ, ನನ್ನ ಅಂಕಿ ಯಾಕೆ ಜಾರುತ್ತಿದೆ?

ಗೇಜ್‌ಗುಬ್ಬಿ:

ನಮಸ್ಕಾರ. ಬಯೋಮೆಡಿಕಲ್ ಎಂಜಿನಿಯರಿಂಗ್, ಕೊನೆಯ ವರ್ಷದ ಪ್ರಾಜೆಕ್ಟ್. ನಮ್ಮ ಗೈಡ್‌ಗೆ ಪರಿಚಯದ ಹೃದಯದ ಸರ್ಜನ್ ಒಬ್ಬರು ಒಂದು ದಿನ ಸುಮ್ನೆ ಮಾತಿಗೆ ಹೇಳಿದರು: "ಇಪ್ಪತ್ತು ವರ್ಷದಿಂದ ಈ ಹಿಡಿ ತಿರುಗಿಸುತ್ತಿದ್ದೇನೆ. ಎಷ್ಟು ಬಲ ಬೀಳುತ್ತಿದೆ ಅಂತ ಇವತ್ತಿಗೂ ಗೊತ್ತಿಲ್ಲ. ಕೈಗೆ ಬಿಗಿ ಅನ್ನಿಸಿದರೆ ನಿಲ್ಲಿಸುತ್ತೇನೆ, ಅಷ್ಟೇ." ಅದೇ ನನ್ನ ತಲೆಗೆ ಕಟ್ಟಿಕೊಂಡಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಎದೆ ತೆರೆಯುವ ಆಪರೇಷನ್‌ನಲ್ಲಿ ಎದೆಮೂಳೆಯನ್ನು ಉದ್ದಕ್ಕೆ ಗರಗಸದಿಂದ ಸೀಳುತ್ತಾರೆ. ಸೀಳಿದ ಎರಡು ಅಂಚಿಗೆ ರಿಟ್ರ್ಯಾಕ್ಟರ್ ಸಿಕ್ಕಿಸುತ್ತಾರೆ. ಹಲ್ಲಿರುವ ಒಂದು ಪಟ್ಟಿ, ಅದಕ್ಕೆ ಎರಡು ತೋಳು, ತೋಳಿಗೆ ಮೂಳೆಯ ಅಂಚು ಹಿಡಿಯುವ ಬ್ಲೇಡು. ಒಂದು ತೋಳು ಅಲ್ಲಾಡುವುದಿಲ್ಲ. ಹಿಡಿ ತಿರುಗಿಸಿದಂತೆ ಇನ್ನೊಂದು ದೂರ ಸರಿಯುತ್ತದೆ. ಅರ್ಜೆಂಟೀನಾದ ಸರ್ಜನ್ ಎನ್ರಿಕೆ ಫಿನೊಕಿಯೆಟ್ಟೊ ಹೆಸರಿನ ವಿನ್ಯಾಸ. ಬಲ ತೋರಿಸುವ ಮುಳ್ಳು, ಮೀಟರ್, ಏನೂ ಇಲ್ಲ.

ನಾನು ಪ್ರತಿ ತೋಳಿನ ಬುಡದಲ್ಲಿ ನಾಲ್ಕು ಸ್ಟ್ರೈನ್ ಗೇಜ್ (ಲೋಹ ಹಿಗ್ಗಿ ಕುಗ್ಗಿದಂತೆ ವಿದ್ಯುತ್ ತಡೆ ಬದಲಾಗುವ ಪುಟ್ಟ ಪಟ್ಟಿ) ಅಂಟಿಸಿ, ನಾಲ್ಕನ್ನೂ ಒಂದೇ ಸರ್ಕ್ಯೂಟಿಗೆ ಜೋಡಿಸಿ ಫುಲ್ ಬ್ರಿಡ್ಜ್ ಮಾಡಿದೆ. ಸ್ಟೀಲ್ ತೋಳು ಬಾಗುವ ದಿಕ್ಕಿನಲ್ಲಿ 10 ಮಿ.ಮೀ. ದಪ್ಪ, 15 ಮಿ.ಮೀ. ಎತ್ತರ. ಗೇಜ್‌ನಿಂದ ಬ್ಲೇಡಿನ ನಡುವಿಗೆ 10 ಸೆಂ.ಮೀ. ಅಲ್ಲಿ 200 ನ್ಯೂಟನ್ ಬಿದ್ದರೆ ಸುಮಾರು 400 ಮೈಕ್ರೋಸ್ಟ್ರೈನ್, ಅಂದರೆ ಹತ್ತು ಲಕ್ಷಕ್ಕೆ 400 ಪಾಲು ಹಿಗ್ಗು. 5 ವೋಲ್ಟ್ ಕೊಟ್ಟರೆ ಹತ್ತಿರ ಹತ್ತಿರ 4 ಮಿಲಿವೋಲ್ಟ್ ಬರುತ್ತದೆ. ಎಚ್‌ಎಕ್ಸ್711 ಬೋರ್ಡಿಗೆ (ಸಣ್ಣ ವೋಲ್ಟೇಜನ್ನು ಹಿಗ್ಗಿಸಿ ಅಂಕಿಯಾಗಿಸುವುದು) ಅಷ್ಟು ಧಾರಾಳ.

ತೊಂದರೆ ಮೂರು.

ಬ್ಲೇಡಿನ ನಡುವೆ 10 ಕೆ.ಜಿ. ತೂಗುಹಾಕಿದರೆ ಸರಿಯಾಗಿ 98 ನ್ಯೂಟನ್ ತೋರಿಸುತ್ತದೆ. ಅದೇ ತೂಕವನ್ನು ಪಟ್ಟಿಯ ಕಡೆಗೆ 3 ಸೆಂ.ಮೀ. ಸರಿಸಿದರೆ 69! ಗೇಜ್ ಬಿಟ್ಟಿದೆ ಅಂದುಕೊಂಡು ಎರಡು ಸಲ ಕಿತ್ತು ಅಂಟಿಸಿದೆ. ಬೆರಳಿನ ಚರ್ಮ ಹೋಯಿತು, ಅಂಕಿ ಬದಲಾಗಲಿಲ್ಲ.

ಎರಡನೆಯದು, ಕುರಿಯ ಎದೆಗೂಡಿನ ಮೇಲೆ ಅಗಲಿಸಿ ಕೈಬಿಟ್ಟರೆ ಅಂಕಿ ತಾನಾಗಿ ಇಳಿಯುತ್ತಾ ಹೋಗುತ್ತದೆ. ಹಿಡಿ ಯಾರೂ ಮುಟ್ಟಿಲ್ಲ.

ಮೂರನೆಯದು, ಎರಡು ತೋಳಿನ ಅಳತೆ ಕೂಡಿಸಿ ತೋರಿಸಿದಾಗ ಸರ್ಜನ್ "ಇಷ್ಟೊಂದಾ?" ಅಂತ ಹುಬ್ಬೇರಿಸಿದರು. ನನಗೂ ಜಾಸ್ತಿ ಅನ್ನಿಸುತ್ತಿದೆ.

ಲೋಡ್‌ಸೆಲ್ ಮಾವ:

ಮಾರಾಯ್ತಿ, ಗೇಜ್ ಮತ್ತೆ ಕೀಳಬೇಡಮ್ಮ! ಅದು ಸರಿಯಾಗೇ ಕೆಲಸ ಮಾಡುತ್ತಿದೆ. ನೀನು ಬಲ ಅಳೆಯುತ್ತಿಲ್ಲ, ಬಾಗುವಿಕೆ ಅಳೆಯುತ್ತಿದ್ದೀಯ. ಬಾಗುವಿಕೆ ಅಂದರೆ ಬಲ ಗುಣಿಸು ದೂರ. ದೂರ 10ರಿಂದ 7 ಸೆಂ.ಮೀ.ಗೆ ಇಳಿಯಿತು, ಅಂಕಿಯೂ ಹತ್ತಕ್ಕೆ ಏಳಾಯಿತು. 98ರಲ್ಲಿ ಹತ್ತಕ್ಕೆ ಏಳು ಪಾಲು ಎಷ್ಟು? ಹತ್ತಿರ ಹತ್ತಿರ 69. ಉತ್ತರ ನಿನ್ನ ಪ್ರಶ್ನೆಯಲ್ಲೇ ಇತ್ತು.

ಮೂಳೆ ಬ್ಲೇಡಿನ ಯಾವ ಜಾಗದಲ್ಲಿ ಜೋರಾಗಿ ಒತ್ತುತ್ತದೆ ಅಂತ ನಿನಗೆ ಗೊತ್ತಿರುವುದಿಲ್ಲ ಅಲ್ವಾ? ಹಾಗಾಗಿ ದೂರವೇ ಬೇಡದ ಹಾಗೆ ಮಾಡು. ಅದೇ ತೋಳಿನ ಮೇಲೆ ಬ್ಲೇಡಿನ ಕಡೆಗೆ 4 ಸೆಂ.ಮೀ. ಬಿಟ್ಟು ಇನ್ನೊಂದು ಬ್ರಿಡ್ಜ್ ಅಂಟಿಸು. ಬುಡದ ಬಾಗುವಿಕೆಯಲ್ಲಿ ಇದನ್ನು ಕಳೆ, ಆ 4 ಸೆಂ.ಮೀ.ನಿಂದ ಭಾಗಿಸು. ಉಳಿಯುವುದು ಬಲ ಮಾತ್ರ. ತೂಕ ಎಲ್ಲಿ ಕೂತಿದ್ದರೂ ಉತ್ತರ ಒಂದೇ. ತಕ್ಕಡಿಯ ತಟ್ಟೆಯ ಮೂಲೆಯಲ್ಲಿ ಚೀಲ ಇಟ್ಟರೂ ತೂಕ ಬದಲಾಗದಿರುವುದು ಇಂಥದ್ದೇ ಜಾಣತನದಿಂದ. ಆದರೆ ಎರಡು ದೊಡ್ಡ ಅಂಕಿ ಕಳೆದು ಸಣ್ಣದು ತೆಗೆಯುತ್ತೀಯ, ಅಂಕಿಯ ಅಲುಗಾಟ (ನಾಯ್ಸ್) ಹೆಚ್ಚು ಕಾಣುತ್ತದೆ. ಎರಡೂ ಬ್ರಿಡ್ಜನ್ನು ಒಂದೇ ದಿನ, ಒಂದೇ ತೂಕದಲ್ಲಿ ಕ್ಯಾಲಿಬ್ರೇಟ್ ಮಾಡು.

ಇನ್ನು ಕೂಡಿಸುವ ವಿಷಯ. ಹಗ್ಗಜಗ್ಗಾಟದಲ್ಲಿ ಈ ಕಡೆಯವರು 500 ನ್ಯೂಟನ್, ಆ ಕಡೆಯವರು 500 ಎಳೆದರೆ ಹಗ್ಗದಲ್ಲಿರುವುದು 500. ಸಾವಿರ ಅಲ್ಲ. ಇಲ್ಲೂ ಅಷ್ಟೇ. ಎರಡು ತೋಳೂ ಹೆಚ್ಚು ಕಡಿಮೆ ಒಂದೇ ಅಂಕಿ ತೋರಿಸಬೇಕು. ಕೂಡಿಸಿದ್ದರಿಂದ ನಿನ್ನದು ದುಪ್ಪಟ್ಟಾಗಿದೆ.

ಯಾರಾದರೂ ಹಿಡಿಯ ತಿರುಚು ಬಲ ಅಳೆದರೆ ಸಾಕಲ್ಲ ಅಂದರೆ ಒಪ್ಪಬೇಡ. ಹಲ್ಲಿನ ಪಟ್ಟಿಯ ಉಜ್ಜಾಟದಲ್ಲೇ ಅದರ ಪಾಲು ಹೋಗುತ್ತದೆ. ಎಣ್ಣೆ ಹಾಕಿದ ದಿನ ಒಂದು ಅಂಕಿ, ಹಾಕದ ದಿನ ಇನ್ನೊಂದು.

ಅರಿವಳಿಕೆ ಡಾಕ್ಟ್ರು:

ನಿಮ್ಮ ಎರಡನೇ ತೊಂದರೆ ತೊಂದರೆಯೇ ಅಲ್ಲ. ನನ್ನ ಕಣ್ಣಿಗೆ ಅದೇ ನಿಮ್ಮ ಪ್ರಾಜೆಕ್ಟಿನ ತಿರುಳು.

ಪಕ್ಕೆಲುಬು, ಮೃದುಮೂಳೆ, ಕಟ್ಟುನಾರು ಇವೆಲ್ಲ ಸ್ಪ್ರಿಂಗ್ ಅಲ್ಲ. ಎಳೆದು ಹಿಡಿದರೆ ನಿಧಾನಕ್ಕೆ ಸಡಿಲಗೊಳ್ಳುತ್ತವೆ. ಅಗಲ ಅಷ್ಟೇ ಇದ್ದರೂ ಬಲ ಇಳಿಯುತ್ತದೆ. ಬೇಗ ಎಳೆದರೆ ಗಟ್ಟಿಯಾಗಿ ಎದುರು ನಿಲ್ಲುತ್ತವೆ, ನಿಧಾನವಾಗಿ ಎಳೆದರೆ ಬಗ್ಗುತ್ತವೆ. ಅದಕ್ಕೇ ಸ್ವಲ್ಪ ತಿರುಗಿಸಿ, ಕಾದು, ಮತ್ತೆ ತಿರುಗಿಸಿ ಅಂತ ಹಿರಿಯರು ಹೇಳುವುದು. "ಗರಿಷ್ಠ ಬಲ ಇಷ್ಟು" ಅಂತ ಒಂದೇ ಅಂಕಿ ಬರೆದರೆ ಅರ್ಧ ಕಥೆ. ಬಲ, ಅಗಲ, ಸಮಯ ಮೂರೂ ಒಟ್ಟಿಗೆ ದಾಖಲಾಗಬೇಕು. ಅಗಲವನ್ನು ಬ್ಲೇಡಿನ ಬಳಿ ಅಳೆಯಿರಿ. ತೋಳೂ ಬಾಗುವುದರಿಂದ ಪಟ್ಟಿಯ ಅಳತೆ ಮೋಸ ಮಾಡುತ್ತದೆ.

ಇದೆಲ್ಲ ಯಾಕೆ ಬೇಕು ಅಂದರೆ, ನಾವು ತಲೆಯ ಕಡೆ ನಿಂತು ನೋಡುವವರು. ಜಾಸ್ತಿ ಅಗಲಿಸಿದರೆ ಮೇಲಿನ ಪಕ್ಕೆಲುಬು ಬಿರುಕು ಬಿಡಬಹುದು. ಮೊದಲ ಪಕ್ಕೆಲುಬಿನ ಹತ್ತಿರವೇ ಕೈಗೆ ಹೋಗುವ ನರಗಳ ಗೊಂಚಲು ಇದೆ, ಬ್ರೇಕಿಯಲ್ ಪ್ಲೆಕ್ಸಸ್. ಅದರ ಕೆಳಗಿನ ಎಳೆಗಳು ಜಗ್ಗಿದರೆ ರೋಗಿ ಎದ್ದಮೇಲೆ ಕಿರುಬೆರಳು, ಉಂಗುರದ ಬೆರಳು ಮರಗಟ್ಟಿದೆ ಅನ್ನುತ್ತಾರೆ. ಬ್ಲೇಡನ್ನು ಆದಷ್ಟು ಕೆಳಗೆ, ಹೊಟ್ಟೆಯ ಕಡೆಗೆ ಇಡುವುದು, ಬೇಕಾದಷ್ಟೇ ತೆರೆಯುವುದು, ಇವು ಅದಕ್ಕೇ.

ಒಂದು ಎಚ್ಚರಿಕೆ. ಬೈಪಾಸ್‌ಗೆ ಎದೆಗೂಡಿನ ಒಳಗೋಡೆಯ ಧಮನಿ ಬಿಡಿಸುವಾಗ ಎದೆಮೂಳೆಯ ಒಂದು ಬದಿಯನ್ನು ಮಾತ್ರ ಮೇಲಕ್ಕೆ ಎತ್ತುತ್ತಾರೆ. ಅದಕ್ಕೆ ಬೇರೆ ರಿಟ್ರ್ಯಾಕ್ಟರ್. ಅಲ್ಲಿ ಮಾವನವರ ಹಗ್ಗಜಗ್ಗಾಟದ ಲೆಕ್ಕ ನಡೆಯುವುದಿಲ್ಲ. ಮೇಲ್ಮುಖ ಬಲವನ್ನೂ ಅಳೆಯಬೇಕು. ನರದ ಪೆಟ್ಟಿಗೆ ಆ ಹಂತದ ಮೇಲೂ ಅನುಮಾನವಿದೆ.

ಮುಂದೆ ಶವದ ಮೇಲೆ ಅಳೆಯುವುದಾದರೆ ಫಾರ್ಮಲಿನ್ ಹಾಕಿದ ದೇಹ ಬೇಡ. ಅಂಗಾಂಶ ಗಡಸಾಗಿರುತ್ತದೆ, ಅಂಕಿ ಸುಳ್ಳು ಹೇಳುತ್ತದೆ.

ತಂತಿ ಹಾಕಿಸಿಕೊಂಡವನು:

ನಾನು ಮೇಜಿನ ಮೇಲೆ ಮಲಗಿದ್ದ ರೋಗಿ, ಎಂಜಿನಿಯರ್ ಅಲ್ಲ. ಬೈಪಾಸ್ ಆದಮೇಲೆ ಎಡಗೈ ಕಿರುಬೆರಳು ಎರಡು ತಿಂಗಳು ಜುಮ್ಮೆನ್ನುತ್ತಿತ್ತು. ಮಲಗಿದ ರೀತಿ ಸರಿಯಿಲ್ಲ ಅಂತ ಮನೆಯವರು ನನ್ನನ್ನೇ ಬೈಯುತ್ತಿದ್ದರು! ಈಗ ಹೋಗಿದೆ.

ನನ್ನ ಪ್ರಶ್ನೆ ಬೇರೆ. ಕೆಮ್ಮುವಾಗ ದಿಂಬು ಅಪ್ಪಿಕೊಳ್ಳಿ ಅಂತ ಫಿಸಿಯೋ ಮೇಡಂ ದಿನಾ ಗದರಿಸುತ್ತಿದ್ದರು. ಒಂದು ಕೆಮ್ಮಿಗೆ ಅಷ್ಟು ಬಲ ಇರುತ್ತಾ?

ಗೇಜ್‌ಗುಬ್ಬಿ:

ಮಾವ, ನಾಚಿಕೆಯಾಯಿತು. ಆದರೂ ಥ್ಯಾಂಕ್ಸ್.

ತಂತಿ ಸರ್, ನಿಮ್ಮ ಪ್ರಶ್ನೆಗೆ ಒರಟು ಲೆಕ್ಕ ಹಾಕಿದೆ. ಜೋರು ಕೆಮ್ಮಿನಲ್ಲಿ ಎದೆಯೊಳಗಿನ ಒತ್ತಡ 300 ಮಿ.ಮೀ. ಪಾದರಸದವರೆಗೆ ಹೋಗಬಹುದು. ಅಂದರೆ 40 ಕಿಲೋಪಾಸ್ಕಲ್. ಎದೆಗೂಡನ್ನು 15 ಸೆಂ.ಮೀ. ತ್ರಿಜ್ಯದ ಡ್ರಮ್ ಅಂದುಕೊಳ್ಳಿ, ಎದೆಮೂಳೆ 20 ಸೆಂ.ಮೀ. ಉದ್ದ. ಮೂರನ್ನೂ ಗುಣಿಸಿದರೆ 1200 ನ್ಯೂಟನ್. 120 ಕೆ.ಜಿ. ತೂಕದಷ್ಟು! ಸೀಳಿದ ಎದೆಮೂಳೆಯನ್ನು ಮತ್ತೆ ಸೇರಿಸಿ ಕಟ್ಟಲು ಆರು ತಂತಿ ಇದ್ದರೆ ತಲಾ 200. ನಿಜದಲ್ಲಿ ಸ್ನಾಯುಗಳೂ ಪಾಲು ಹೊರುತ್ತವೆ, ಎದೆ ಡ್ರಮ್ಮೂ ಅಲ್ಲ. ಆದರೂ ತೆಳು ತಂತಿ ಮೆತ್ತಗಿನ ಮೂಳೆಯನ್ನು ಕೊಯ್ಯುವುದಕ್ಕೆ ಅದು ಕಡಿಮೆಯಲ್ಲ. ಫಿಸಿಯೋ ಮೇಡಂ ಗದರಿಸಿದ್ದು ಸರಿ.

ಎರಡನೇ ಬ್ರಿಡ್ಜ್ ಅಂಟಿಸಿದೆ. ತೂಕ ಎಲ್ಲಿ ಸರಿಸಿದರೂ ಈಗ 97, 98, 97. ಬೋರ್ಡನ್ನು ಸೆಕೆಂಡಿಗೆ 10 ಓದಿನಿಂದ 80ಕ್ಕೆ ಬದಲಿಸಿದ ಮೇಲೆ ಹಿಡಿಯ ಪ್ರತಿ ತಿರುವೂ ಗ್ರಾಫಿನಲ್ಲಿ ಗರಗಸದ ಹಲ್ಲಿನಂತೆ ಕಾಣುತ್ತಿದೆ. ಚಟ್ಟನೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ.

ಈಗ ಭಯ ಆಟೋಕ್ಲೇವ್‌ನದು. ರೋಗಾಣು ಕೊಲ್ಲುವ ಆ 134 ಡಿಗ್ರಿ ಹಬೆಯಲ್ಲಿ ಗೇಜ್ ಉಳಿಯುತ್ತಾ?

ಲೋಡ್‌ಸೆಲ್ ಮಾವ:

ಸೂಪರ್ ಗ್ಲೂ ಜಾತಿಯದ್ದಾದರೆ ಉಳಿಯಲ್ಲ. ಒಲೆಯಲ್ಲಿ ಬಿಸಿ ಮಾಡಿ ಗಟ್ಟಿಮಾಡುವ ಎಪಾಕ್ಸಿ ಬೇಕು, ಅದರ ಮೇಲೆ ಹಬೆ ನುಗ್ಗದ ಹೊದಿಕೆ. ಇಲ್ಲವೇ ಎಥಿಲೀನ್ ಆಕ್ಸೈಡ್ ಗ್ಯಾಸಿನಲ್ಲಿ ಕಡಿಮೆ ಬಿಸಿಯಲ್ಲಿ ಸ್ಟೆರಿಲೈಜ್ ಮಾಡಿಸು. ರೋಗಿಯ ಹತ್ತಿರ ಹೋಗುವ ಮಾತು ಬಂದರೆ ಬ್ಯಾಟರಿ, ವೈರ್‌ಲೆಸ್, ಬೇರೆ ಮಾತಿಲ್ಲ. ಹೃದಯಕ್ಕೆ ತಾಗಬಹುದಾದ ಉಪಕರಣದಲ್ಲಿ ಸೋರುವ ಕರೆಂಟು ಸಾಮಾನ್ಯ ಸ್ಥಿತಿಯಲ್ಲಿ 10 ಮೈಕ್ರೋಆಂಪ್ ದಾಟಬಾರದು. ಕಾಟರಿ (ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವ ಉಪಕರಣ) ಹಚ್ಚಿದಾಗ ನಿನ್ನ ಗ್ರಾಫ್ ಹುಚ್ಚೆದ್ದು ಕುಣಿಯುತ್ತದೆ. ಆ ಹೊತ್ತಿನ ಓದು ಬಿಟ್ಟುಬಿಡು.

ಗೇಜ್‌ಗುಬ್ಬಿ:

ಸರಿ ಮಾವ. ಎಥಿಕ್ಸ್ ಕಮಿಟಿ ಅನುಮತಿ ಸಿಗುವವರೆಗೆ ಹೇಗೂ ಕುರಿಯೇ ಗತಿ.

ನಿನ್ನೆ ಸರ್ಜನ್ ಲ್ಯಾಬಿಗೆ ಬಂದಿದ್ದರು. ಎರಡು ಎದೆಗೂಡು ಇಟ್ಟಿದ್ದೆ. ಮೊದಲನೆಯದನ್ನು ತಮ್ಮ ಮಾಮೂಲಿ ಲಯದಲ್ಲಿ ಸರಸರ ತಿರುಗಿಸಿದರು. ಗ್ರಾಫ್ ನೋಡಿದರು, ಏನೂ ಹೇಳಲಿಲ್ಲ. ಎರಡನೆಯದಕ್ಕೆ ಅರ್ಧ ಸುತ್ತು ತಿರುಗಿಸಿ, ಗೆರೆ ಇಳಿಯುವವರೆಗೆ ಕಾದು, ಮತ್ತೆ ಅರ್ಧ ಸುತ್ತು. ಅಷ್ಟೇ ಅಗಲಕ್ಕೆ ಗರಿಷ್ಠ ಬಲ ಎದ್ದು ಕಾಣುವಷ್ಟು ಕೆಳಗಿತ್ತು. ಬೇರೆ ಕುರಿ, ಬೇರೆ ಮೂಳೆ, ಅದರಿಂದ ಏನೂ ಸಾಬೀತಾಗಲ್ಲ ಅಂತ ನಾನೇ ಹೇಳಿದೆ. ಅವರು ತಲೆಯಾಡಿಸಿ, "ಇನ್ನೊಂದು ಎದೆಗೂಡು ಇದೆಯಾ?" ಅಂದರು.