ಮದುವೆ ವಿಡಿಯೋ ಎಡಿಟರ್ ಸಿನಿಮಾ ಎಡಿಟಿಂಗ್‌ಗೆ ಹೋಗಬಹುದಾ?

ದಾವಣಗೆರೆ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ಎಡಿಯಸ್, ಪ್ರೀಮಿಯರ್ ಎರಡೂ ಎಡಿಟಿಂಗ್ ಸಾಫ್ಟ್‌ವೇರ್ ಬರುತ್ತವೆ. ಬೆಂಗಳೂರಿನ ಸಿನಿಮಾ ಎಡಿಟರ್ ಒಬ್ಬರು ಅಸಿಸ್ಟೆಂಟ್ ಆಗಿ ಬಾ ಅಂದಿದ್ದಾರೆ. ಸಂಬಳ ಈಗಿನದಕ್ಕಿಂತ ಕಡಿಮೆ. ಕೆಲಸ ಒಂದೇ ತಾನೇ? ಹೋಗಲಾ, ಬೇಡವಾ?

ಕಟ್ಟಿಂಗ್ ರೂಮ್ ಅಕ್ಕ:
ನಾನು ಸಿನಿಮಾದಲ್ಲಿ ಅಸೋಸಿಯೇಟ್ ಎಡಿಟರ್. ಸಾಫ್ಟ್‌ವೇರ್ ಒಂದೇ ಇರಬಹುದು ತಮ್ಮಾ, ಕೆಲಸ ಬೇರೆ. ಮದುವೆಯಲ್ಲಿ ತಾಳಿ ಕಟ್ಟೋದು ಒಂದೇ ಸಲ. ಸಿಕ್ಕ ಶಾಟ್‌ನಲ್ಲೇ ಚೆಂದ ಮಾಡಬೇಕು. ಸಿನಿಮಾದಲ್ಲಿ ಅದೇ ತಾಳಿ ನಾಲ್ಕು ಆಂಗಲ್‌ನಲ್ಲಿ, ಒಂದೊಂದಕ್ಕೂ ಐದಾರು ಟೇಕ್ ಬರುತ್ತದೆ. ಎರಡನೇ ಟೇಕ್‌ನಲ್ಲಿ ಹುಡುಗಿಯ ಕಣ್ಣು ಸರಿಯಾಗಿದೆ, ಐದನೆಯದರಲ್ಲಿ ಡೈಲಾಗ್ ಚೆನ್ನಾಗಿದೆ. ಯಾವುದನ್ನು ಇಟ್ಟುಕೊಳ್ಳೋದು? ಡೈಲಾಗ್ ಮುಗಿದ ಮೇಲೂ ಅವಳ ಮುಖದ ಮೇಲೆ 12 ಫ್ರೇಮ್ ನಿಲ್ಲಬೇಕಾ? ಸೆಕೆಂಡಿಗೆ 24 ಫ್ರೇಮ್, ಅಂದರೆ ಬರೀ ಅರ್ಧ ಸೆಕೆಂಡ್. ಅದಕ್ಕಾಗಿ ನಿರ್ದೇಶಕರ ಜೊತೆ ಇಡೀ ಮಧ್ಯಾಹ್ನ ಕೂತಿದ್ದೇವೆ. ನನಗೆ ಈ ಕೆಲಸ ಇಷ್ಟವಾಗೋದೇ ಅದಕ್ಕೆ.

ಆದರೆ ಅಸಿಸ್ಟೆಂಟ್‌ಗೆ ಆ ಕುರ್ಚಿ ಬೇಗ ಸಿಗುವುದಿಲ್ಲ. ಮೊದಲು ಬ್ಯಾಕಪ್, ಪ್ರಾಕ್ಸಿ (ಎಡಿಟ್ ಮಾಡಲು ಹಗುರವಾದ ನಕಲು ಫೈಲ್). ಸಿಂಕ್ ಸೌಂಡ್ (ಶೂಟಿಂಗ್‌ನಲ್ಲೇ ರೆಕಾರ್ಡ್ ಮಾಡಿದ ಧ್ವನಿ) ಆದರೆ ಕ್ಲಾಪ್ ಬೋರ್ಡ್ ಮುಚ್ಚುವ ಫ್ರೇಮ್ ಹುಡುಕಿ ಆ 'ಟಕ್' ಶಬ್ದಕ್ಕೆ ಕೂಡಿಸಬೇಕು. ಸೀನ್, ಶಾಟ್, ಟೇಕ್ ನಂಬರ್ ಹಾಕಿ ಜೋಡಿಸಬೇಕು. ಪಿಕ್ಚರ್ ಲಾಕ್ ಆದ ಮೇಲೆ, ಅಂದರೆ ಕಟ್ ಇನ್ನು ಬದಲಾಗಲ್ಲ ಅಂತ ತೀರ್ಮಾನವಾದ ಮೇಲೆ, ಸೌಂಡ್, ಡಿಐ (ಬಣ್ಣ ಸರಿಮಾಡುವುದು), ವಿಎಫ್‌ಎಕ್ಸ್ (ಕಂಪ್ಯೂಟರ್ ದೃಶ್ಯ) ಮಾಡುವವರಿಗೆ ಕಳಿಸಬೇಕು. ಆಮೇಲೆ ಒಂದು ಫ್ರೇಮ್ ಕತ್ತರಿಸಿದರೂ ಆ ರೀಲಿನಲ್ಲಿ (ಸಿನಿಮಾವನ್ನು ಹಂಚಿಕೊಂಡ ಒಂದು ಭಾಗ) ಅಲ್ಲಿಂದ ಮುಂದಕ್ಕೆ ಸೌಂಡ್ ಜಾರುತ್ತದೆ. ಇಷ್ಟು ಅಚ್ಚುಕಟ್ಟು ಇಲ್ಲದವರನ್ನು, ಕೈ ಎಷ್ಟೇ ಸ್ಪೀಡ್ ಇದ್ದರೂ, ಯಾವ ಎಡಿಟರೂ ನಂಬುವುದಿಲ್ಲ.

ಯೂಟ್ಯೂಬ್ ಎಡಿಟರ್:
ಮೇಡಂ ಹೇಳಿದ್ದು ಸರಿ. ಆದರೆ ವಿಡಿಯೋ ಎಡಿಟಿಂಗ್ ಕಡಿಮೆ ಕೆಲಸ ಏನಲ್ಲ. ನಾನು ಅಡುಗೆ ಚಾನೆಲ್ ಒಂದಕ್ಕೆ ಮಾಡುತ್ತೇನೆ. ಕಟ್, ಕಲರ್, ಸೌಂಡ್, ಥಂಬ್‌ನೇಲ್, ಮತ್ತೆ ರೀಲ್ಸ್‌ಗೆ ಮೊಬೈಲ್ ನೆಟ್ಟಗೆ ಹಿಡಿದು ನೋಡುವ 9:16 ಫ್ರೇಮ್‌ನಲ್ಲಿ ಇನ್ನೊಂದು, ಎಲ್ಲಾ ಒಬ್ಬನೇ. ಶುರುವಲ್ಲೇ ಒಗ್ಗರಣೆ ಚಟಪಟ ಅನ್ನದಿದ್ದರೆ ಜನ ಬಿಟ್ಟು ಹೋಗುತ್ತಾರೆ. ಎಲ್ಲಿ ಬಿಟ್ಟರು ಅಂತ ಗ್ರಾಫ್ ನೋಡಿದರೆ ಗೊತ್ತಾಗುತ್ತದೆ. ಈ ಪಾಠ ಸುಮ್ನೆ ಹೋಗುವುದಿಲ್ಲ. 2022ರಲ್ಲಿ ಬಂದ ಕೆಜಿಎಫ್ 2ರ ಎಡಿಟರ್ ಉಜ್ವಲ್ ಕುಲಕರ್ಣಿ ಕೂಡ ಮೊದಲು ಫ್ಯಾನ್ ಎಡಿಟ್ (ಅಭಿಮಾನಿಗಳು ಸಿನಿಮಾ ದೃಶ್ಯ ಜೋಡಿಸಿ ಮಾಡುವ ವಿಡಿಯೋ) ಮಾಡುತ್ತಿದ್ದವರೇ ಅಲ್ವಾ? ಮತ್ತೆ ನನಗೆ ತಿಂಗಳು ತಿಂಗಳು ದುಡ್ಡು ಬರುತ್ತದೆ.

ದಾವಣಗೆರೆ ಹುಡುಗ:
ಅಕ್ಕ, ದುಡ್ಡಿನ ವಿಷಯವೇ ನನಗೂ ಚಿಂತೆ. ಮನೆ ನಡೆಸಬೇಕು.

ಕಟ್ಟಿಂಗ್ ರೂಮ್ ಅಕ್ಕ:
ಅದು ನಿಜವಾದ ಚಿಂತೆ. ಸಿನಿಮಾದಲ್ಲಿ ಎಷ್ಟೋ ಕಡೆ ದುಡ್ಡು ಕಂತಿನಲ್ಲಿ ಬರುತ್ತದೆ. ಶೂಟಿಂಗ್ ನಿಂತರೆ ಕಂತೂ ನಿಲ್ಲುತ್ತದೆ, ರೂಮ್ ಬಾಡಿಗೆ ನಿಲ್ಲುವುದಿಲ್ಲ. ಹೊರಡುವ ಮುಂಚೆ ಕೇಳಿಕೋ: ಸಂಬಳ ತಿಂಗಳಿಗಾ, ಸಿನಿಮಾಗಾ? ಟೈಟಲ್ ಕಾರ್ಡ್‌ನಲ್ಲಿ ಹೆಸರು ಬರುತ್ತದಾ? ಈಗಲೇ ಸ್ಟುಡಿಯೋ ಬಿಡಬೇಡ. ಆಷಾಢದಲ್ಲಿ ಹೇಗೂ ಮದುವೆ ಇರುವುದಿಲ್ಲ. ಆ ತಿಂಗಳು ಬಂದು ಆ ಎಡಿಟರ್ ಜೊತೆ ಕೂತು ರಷಸ್ (ಶೂಟ್ ಆದ, ಇನ್ನೂ ಕತ್ತರಿಸದ ದೃಶ್ಯ) ನೋಡುತ್ತೇನೆ ಅಂತ ಕೇಳು. ನಿನ್ನ ಗಿರಾಕಿಗಳೂ ಕೈತಪ್ಪುವುದಿಲ್ಲ.