ಸ್ಟಾಫಾ ಮತ್ತು ನಮ್ಮ ಸೇಂಟ್ ಮೇರೀಸ್: ಕಲ್ಲುಕಂಬಗಳು ಒಂದೇ ಬಗೆಯವೇ?

ಪ್ರಶ್ನೆ (ಮಲ್ಪೆಯಿಂದ): ಮೊನ್ನೆ ಸೇಂಟ್ ಮೇರೀಸ್ ದ್ವೀಪದಲ್ಲಿ ಆರುಮೂಲೆಯ ಕಂಬವೊಂದರ ತಲೆಯನ್ನು ಸವರಿ ನೋಡಿದೆ. ಸ್ಕಾಟ್ಲೆಂಡಿನ ನಿರ್ಜನ ದ್ವೀಪವಾದ ಸ್ಟಾಫಾದಲ್ಲಿಯೂ ಇಂತಹವೇ ಇವೆಯಂತೆ. ಎರಡೂ ಒಂದೇ ಕಾಲದವೇ?

ಉತ್ತರ (ಮಣಿಪಾಲದಿಂದ): ರೀತಿ ಒಂದೇ, ಕಾಲ ಬೇರೆ. ಲಾವಾ ನಿಧಾನವಾಗಿ ಆರುತ್ತ ಕುಗ್ಗಿದಾಗ, ಬತ್ತಿದ ಗದ್ದೆಯ ಕೆಸರು ಬಿರಿಯುವಂತೆ ಮೂಡಿದ ಬಿರುಕುಗಳು ಆಳಕ್ಕಿಳಿದು ಕಂಬಗಳಾಗುತ್ತವೆ. ಸ್ಟಾಫಾದ್ದು ಸುಮಾರು 6 ಕೋಟಿ ವರ್ಷ ಹಳೆಯ, ಬಸಾಲ್ಟ್ ಎಂಬ ಕಪ್ಪು ಲಾವಾಶಿಲೆ. ನಮ್ಮದು ಭಾರತದಿಂದ ಮಡಗಾಸ್ಕರ್ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷಗಳ, ಸಿಲಿಕಾ (ಮರಳಿನ ಮುಖ್ಯ ಅಂಶ) ಹೆಚ್ಚಿರುವ ಶಿಲೆ.

ಉತ್ತರ (ಮಂಗಳೂರಿನಿಂದ): ಸ್ಟಾಫಾ ಎಂಬ ಹೆಸರೇ ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಲ್ಲಿ ‘ಕಂಬಗಳ ದ್ವೀಪ’. 1772ರಲ್ಲಿ ಐಸ್‌ಲ್ಯಾಂಡಿಗೆ ಹೊರಟಿದ್ದ ಇಂಗ್ಲಿಷ್ ನಿಸರ್ಗತಜ್ಞ ಜೋಸೆಫ್ ಬ್ಯಾಂಕ್ಸ್ ಅದನ್ನು ಹೊರಜಗತ್ತಿಗೆ ಪರಿಚಯಿಸಿದರು. 1986ರಿಂದ ಅದು ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆಯ ಒಡೆತನದಲ್ಲಿದೆ. ಕಡಲು ಒರಟಾದರೆ ಅಲ್ಲಿಯೂ ದೋಣಿಯಿಂದ ಇಳಿಯಲಾಗದು, ಮಳೆಗಾಲದ ನಮ್ಮ ಮಲ್ಪೆಯಂತೆಯೇ.