ಅಣ್ಣನೊಂದಿಗಿನ ಮನೆಯ ವ್ಯಾಜ್ಯ: ಸಾಲಿಸಿಟರ್ ನೇಮಿಸಿಕೊಳ್ಳುವ ಮುನ್ನ ಏನು ತಿಳಿದಿರಬೇಕು?

ಪ್ರಶ್ನೆ

ನಾನು ಮತ್ತು ನನ್ನ ಅಣ್ಣ ಇಂಗ್ಲೆಂಡಿನಲ್ಲಿ ಒಟ್ಟಿಗೆ ಕೊಂಡ ಮನೆಯಲ್ಲಿ ಈಗ ಅವರೊಬ್ಬರೇ ವಾಸವಾಗಿದ್ದಾರೆ. ಮನೆಯನ್ನು ಮಾರೋಣ, ಇಲ್ಲವೇ ನನ್ನ ಪಾಲಿನ ಹಣವನ್ನು ಕೊಡಿ ಎಂದು ಎರಡು ವರ್ಷಗಳಿಂದ ಕೇಳುತ್ತಿದ್ದೇನೆ; ಈಚೆಗೆ ಅವರು ನನ್ನ ಕರೆಯನ್ನೇ ಸ್ವೀಕರಿಸುತ್ತಿಲ್ಲ. ಮನೆ ಕೊಳ್ಳುವಾಗ ನಮ್ಮಿಬ್ಬರ ಪರವಾಗಿ ಕೆಲಸ ಮಾಡಿದ ಸಾಲಿಸಿಟರ್ ಅವರನ್ನೇ ಕಾಣಬಹುದೇ? ಒಡಹುಟ್ಟಿದವರ ಮೇಲೆ ವಕೀಲರನ್ನು ಬಿಡುವುದಕ್ಕೆ ಮನಸ್ಸು ಒಪ್ಪುತ್ತಿಲ್ಲ, ಆದರೆ ಬೇರೆ ದಾರಿಯೂ ತೋರುತ್ತಿಲ್ಲ.

ಉತ್ತರ 1

ಇಬ್ಬರ ಪರವಾಗಿಯೂ ಕೆಲಸ ಮಾಡಿದವರು ಈಗ ಒಬ್ಬರ ಪರ ವಹಿಸಿ ಇನ್ನೊಬ್ಬರ ವಿರುದ್ಧ ನಿಲ್ಲುವುದು ಹಿತಾಸಕ್ತಿಗಳ ಸಂಘರ್ಷವಾಗುವುದರಿಂದ ಅವರು ಒಪ್ಪಲಾರರು. ಹಳೆಯ ಕಡತದ ಪ್ರತಿಯನ್ನು ಮಾತ್ರ ಅವರಿಂದ ಕೇಳಿ ಪಡೆಯಿರಿ. ಜಂಟಿ ಒಡೆತನದಲ್ಲಿ ಎರಡು ಬಗೆಗಳಿವೆ: ಪಾಲುಗಳನ್ನು ವಿಂಗಡಿಸದೆ ಒಟ್ಟಾಗಿ ಹೊಂದಿರುವುದು ಒಂದು, ಪ್ರತಿಯೊಬ್ಬರ ಪಾಲು ಬೇರೆಬೇರೆಯಾಗಿರುವುದು ಇನ್ನೊಂದು. ನಿಮ್ಮದು ಯಾವುದೆಂಬುದು ತಿಳಿಯದೆ ಯಾವ ಸಾಲಿಸಿಟರ್ ಕೂಡ ನಿಮಗೆ ಸರಿಯಾದ ಸಲಹೆ ನೀಡಲಾರರು. ಸಹಮಾಲೀಕರು ಒಪ್ಪದಿದ್ದಾಗ ಮಾರಾಟಕ್ಕೆ ಆದೇಶ ಕೋರಿ ನ್ಯಾಯಾಲಯಕ್ಕೆ ಹೋಗಲು 1996ರ ಭೂ ನ್ಯಾಸಗಳ (ಟ್ರಸ್ಟ್‌ಗಳ) ಕಾಯ್ದೆಯಲ್ಲಿ ಅವಕಾಶವಿದೆ. ಆದ್ದರಿಂದ ಮನೆ ಖರೀದಿಯ ಕಾಗದಪತ್ರಗಳನ್ನಷ್ಟೇ ನೋಡುವವರನ್ನಲ್ಲ, ಆಸ್ತಿ ವ್ಯಾಜ್ಯಗಳನ್ನು ನಡೆಸಿ ಅನುಭವವಿರುವವರನ್ನು ಹುಡುಕಿ.

ಉತ್ತರ 2

ನನ್ನ ಅಕ್ಕನೊಂದಿಗೆ ಇಂಥದೇ ವ್ಯಾಜ್ಯವಿದ್ದಾಗ ನಾನು ಮಾಡಿದ ತಪ್ಪನ್ನು ಹೇಳಬೇಕೆನಿಸುತ್ತಿದೆ. ನನಗೆ ಬೇಕಾಗಿರುವುದೇನೆಂದು ನಾನೇ ನಿರ್ಧರಿಸಿಕೊಳ್ಳದೆ, ಕೋಪದ ಭರದಲ್ಲಿ ಸಾಲಿಸಿಟರ್ ಕಚೇರಿಗೆ ಹೋಗಿ, ಅವಳು ಮಾಡಿದ ಅನ್ಯಾಯಗಳನ್ನೆಲ್ಲ ಒಂದು ಗಂಟೆ ಹೇಳಿಕೊಂಡೆ. ಅವರು ನನ್ನ ಮಾತಿಗೆ ತಕ್ಕಂತೆಯೇ ಕಟುವಾದ ಪತ್ರ ಬರೆದರು. ಅದನ್ನು ಓದಿದ ಅಕ್ಕ ತಾನೂ ಒಬ್ಬ ವಕೀಲರನ್ನು ನೇಮಿಸಿಕೊಂಡಳು. ಅಲ್ಲಿಂದ ಮುಂದೆ ನಾವಿಬ್ಬರೂ ಮಾತನಾಡಲಿಲ್ಲ, ಪತ್ರಗಳೇ ಮಾತನಾಡಿದವು. ತಿಂಗಳುಗಳ ನಂತರ ಮಧ್ಯಸ್ಥಿಕೆಯಲ್ಲಿ ಒಂದೇ ದಿನ ಕುಳಿತು ಇತ್ಯರ್ಥ ಮಾಡಿಕೊಂಡೆವು. ಆ ದಿನ ಒಪ್ಪಿದ್ದನ್ನು ಮೊದಲೇ ಒಪ್ಪಬಹುದಿತ್ತಲ್ಲ ಎಂಬ ನೋವು ಇಂದಿಗೂ ಇದೆ.

ಮೊದಲ ಭೇಟಿಗೆ ಮುನ್ನ ಎರಡು ಪುಟಗಳಲ್ಲಿ ದಿನಾಂಕಗಳ ಕ್ರಮದಲ್ಲಿ ನಡೆದದ್ದನ್ನು ಬರೆಯಿರಿ: ಮುಂಗಡ ಹಣ ಯಾರದು, ಕಂತುಗಳನ್ನು ಯಾರು ಕಟ್ಟಿದರು, ದುರಸ್ತಿಗೆ ಯಾರು ಖರ್ಚು ಮಾಡಿದರು. ಕೊನೆಗೆ ನಿಮಗೆ ಬೇಕಾದುದನ್ನು ಒಂದೇ ವಾಕ್ಯದಲ್ಲಿ ಸೇರಿಸಿ. ಅಣ್ಣನಿಗೆ ಹೋಗುವ ಪ್ರತಿಯೊಂದು ಪತ್ರದ ಕರಡನ್ನೂ ನಿಮಗೆ ತೋರಿಸಿಯೇ ಕಳುಹಿಸಬೇಕೆಂದು ಸಾಲಿಸಿಟರ್‌ಗೆ ಮೊದಲೇ ಹೇಳಿಬಿಡಿ.

ಉತ್ತರ 3

ಖರ್ಚಿನ ಬಗ್ಗೆ ಸಂಕೋಚಪಡಬೇಡಿ. ಗಂಟೆಯ ದರವನ್ನಷ್ಟೇ ಕೇಳಿದರೆ ಏನೂ ತಿಳಿಯುವುದಿಲ್ಲ. ಮೊದಲ ಪತ್ರದವರೆಗೆ ಎಷ್ಟು, ಮಧ್ಯಸ್ಥಿಕೆಯವರೆಗೆ ಎಷ್ಟು, ದಾವೆ ಹೂಡಿದರೆ ಎಷ್ಟು ಎಂದು ಹಂತಹಂತವಾಗಿ ಲಿಖಿತ ಅಂದಾಜು ಕೇಳಿ. ಕೆಲಸವನ್ನು ನಿಜವಾಗಿ ಮಾಡುವವರು ಯಾರು, ಹಿರಿಯರೋ ಕಿರಿಯರೋ ಎಂಬುದನ್ನೂ ಕೇಳಬೇಕು. ಸಾಮಾನ್ಯವಾಗಿ ಸೋತವರೇ ಗೆದ್ದವರ ವೆಚ್ಚವನ್ನು ಭರಿಸಬೇಕಾಗುತ್ತದೆ, ಆದರೆ ಕಾರಣವಿಲ್ಲದೆ ಮಧ್ಯಸ್ಥಿಕೆಯನ್ನು ನಿರಾಕರಿಸಿದ್ದರೆ ಗೆದ್ದವರಿಗೂ ಆ ಹಣ ಕಡಿತವಾಗಬಹುದು. 2023ರ ಒಂದು ಮೇಲ್ಮನವಿ ತೀರ್ಪಿನ ನಂತರ, ನ್ಯಾಯಾಲಯಕ್ಕೆ ಕಕ್ಷಿದಾರರನ್ನು ರಾಜಿ ಪ್ರಯತ್ನಕ್ಕೆ ಕಳುಹಿಸುವ ಅಧಿಕಾರವಿದೆ ಎಂಬುದೂ ಸ್ಪಷ್ಟವಾಗಿದೆ. ನಿಮ್ಮ ಮನೆ ವಿಮೆಯಲ್ಲಿ ಕಾನೂನು ವೆಚ್ಚದ ರಕ್ಷಣೆ ಇದೆಯೇ ಎಂದು ಇಂದೇ ನೋಡಿ. ಬಹಳ ಜನರು ಅದನ್ನು ಗಮನಿಸುವುದೇ ಇಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಳೆಯ ಕಡತವನ್ನು ತರಿಸಿ ನೋಡಿದೆ. ಪಾಲುಗಳು ಬೇರೆಬೇರೆ ಎಂದು ನಾವಿಬ್ಬರೂ ಸಹಿ ಹಾಕಿದ ಪತ್ರ ಅದರಲ್ಲಿದೆ. ಮುಂದಿನ ವಾರ ಆಸ್ತಿ ವ್ಯಾಜ್ಯ ನೋಡುವ ಒಬ್ಬರನ್ನು ಕಾಣುತ್ತಿದ್ದೇನೆ. ಬೇಕಾದುದನ್ನು ಒಂದು ವಾಕ್ಯದಲ್ಲಿ ಬರೆಯಲು ಮೂರು ದಿನ ಹಿಡಿಯಿತು: ಅಣ್ಣ ಮನೆಯಲ್ಲೇ ಇರಲಿ, ನನ್ನ ಪಾಲಿನ ಬೆಲೆಯನ್ನು ಕಂತುಗಳಲ್ಲಿ ಕೊಡಲಿ. ಮೊದಲ ಪತ್ರದಲ್ಲಿ ಇದನ್ನೇ ಬರೆಯುವಂತೆ ಕೇಳಿಕೊಳ್ಳುತ್ತೇನೆ.